ಗೋಡೆ ಮುಚ್ಚುವ ಮೊದಲು: ವಿಜಯನಗರದ ಹಳೇ ಮನೆಯೊಂದಕ್ಕೆ ಇಂಟರ್ನೆಟ್ ಪೈಪು ಹಾಕಿದ್ದು

ಅಕ್ಕ ಫೋನ್ ಮಾಡಿದ್ದು ಶನಿವಾರ ರಾತ್ರಿ. "ನಾಳೆ ಬಂದು ಹೋಗೋ. ಸೋಮವಾರದಿಂದ ಗೋಡೆ ಕೊರೆಯೋಕೆ ಶುರು ಮಾಡ್ತಾರಂತೆ. ಆಮೇಲೆ ನೀನು ಬಂದು ಏನು ಹೇಳಿದ್ರೂ ಉಪಯೋಗ ಇಲ್ಲ" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನಾನು ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಹಾಕಿಸುವ ಕೆಲಸದಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಗೋಡೆ ಮುಚ್ಚಿ ಬಣ್ಣ ಬಳಿದ ಮೇಲೆ "ಇಲ್ಲೊಂದು ನೆಟ್ ಪಾಯಿಂಟ್ ಬೇಕಿತ್ತು" ಅಂತ ಕರೆಯುವವರೇ ಜಾಸ್ತಿ. ಈ ಸಲ ಎರಡು ದಿನ ಮೊದಲೇ ಕರೆದಿದ್ದರು. ಆ ಮನೆಯಲ್ಲಿ ಏನೇನು ಮಾಡಿದೆವು, ಎಲ್ಲಿ ತಪ್ಪಾಯಿತು, ಅದನ್ನು ಹೇಗೆ ಸರಿಮಾಡಿದೆವು ಅನ್ನುವುದನ್ನು ಅಳತೆ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ.

ಮನೆ ಬೆಂಗಳೂರಿನ ವಿಜಯನಗರದಲ್ಲಿದೆ. 30-40 ಸೈಟು. ಕೆಳಗಿನ ಮನೆಯನ್ನು ಭಾವನ ಅಪ್ಪ 1980ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು. ಮೇಲಿನ ಮಹಡಿ ಹತ್ತು ಹನ್ನೆರಡು ವರ್ಷ ಆದ ಮೇಲೆ ಬಂತು. ಹೊರಗಿನ ಗೋಡೆಗಳು 9 ಇಂಚಿನ ಇಟ್ಟಿಗೆ ಗೋಡೆ, ರೂಮುಗಳ ನಡುವಿನವು ನಾಲ್ಕೂವರೆ ಇಂಚು. ಕೆಳಗೆ ಹಾಲ್, ಅಡುಗೆಮನೆ, ದೇವರಮನೆ, ಅಕ್ಕನ ಅತ್ತೆಯವರ ರೂಮು. ಮೇಲೆ ಮೂರು ರೂಮು. ಭಾವ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಅವರ ಟೇಬಲ್ ಇರುವುದು ಮೇಲಿನ ಮಹಡಿಯಲ್ಲಿ. ಮಗಳು ಇಂಜಿನಿಯರಿಂಗ್, ಮಗ ಪಿಯುಸಿ. ಹಳೇ ಕರೆಂಟ್ ವೈರಿಂಗ್ ಪೂರ್ತಿ ಬದಲಾಯಿಸಬೇಕು ಅಂತಲೇ ರಿನೋವೇಶನ್ ಶುರುವಾಗಿದ್ದು. ಅಂದರೆ ಗೋಡೆ ಹೇಗೂ ಒಡೆಯುವುದಿತ್ತು. ಇನ್ನೊಂದು ಪೈಪು ಹಾಕಲು ಇದಕ್ಕಿಂತ ಒಳ್ಳೇ ಹೊತ್ತು ಸಿಗುವುದಿಲ್ಲ.

ತೊಂದರೆ ಏನಿತ್ತು ಅಂದರೆ, ರೂಟರ್ ಹಾಲಿನ ಕಿಟಕಿ ಪಕ್ಕ ಕೂತಿತ್ತು. ಅಲ್ಲೇ ಯಾಕೆ? ಫೈಬರ್ ಹಾಕಲು ಬಂದ ಹುಡುಗರು ಕಂಬದಿಂದ ತಂದ ವೈರನ್ನು ಕಿಟಕಿ ಸಂದಿಯಲ್ಲಿ ತೂರಿಸಿದ್ದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರೂಟರ್ ಎಲ್ಲಿರಬೇಕು ಅಂತ ತೀರ್ಮಾನ ಮಾಡಿರುವುದು ಆ ಕಿಟಕಿ ಸಂದಿಯೇ. ಇವರದ್ದು 300 ಎಂಬಿಪಿಎಸ್ ಪ್ಲಾನ್. ರೂಟರ್ ಎದುರು ನಿಂತು ನೋಡಿದರೆ 280 ಬರುತ್ತಿತ್ತು. ಮೇಲೆ ಭಾವನ ಟೇಬಲ್ ಹತ್ತಿರ 30 ಬಂದರೆ ಹೆಚ್ಚು. ನಡುವೆ ಒಂದು ರಿಪೀಟರ್ ತಂದು ಹಾಕಿದ್ದರು. ಅಂಥ ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ಹಾಗಾಗಿ ಸಿಗ್ನಲ್ ಕಡ್ಡಿ ಪೂರ್ತಿ ತೋರಿಸಿದರೂ ವೇಗ ಅರ್ಧಕ್ಕೆ ಇಳಿಯುತ್ತದೆ.

"ವೈಫೈ ಕಾಲದಲ್ಲಿ ಗೋಡೆ ಒಳಗೆ ವೈರ್ ಯಾಕೆ? ಈಗ ಮೆಶ್ ಅಂತ ಬಂದಿದೆಯಲ್ಲ" ಅಂತ ಭಾವ ಕೇಳಿದರು. ಮೆಶ್ ಅಂದರೆ ಮನೆಯ ಅಲ್ಲಲ್ಲಿ ಇಟ್ಟ ವೈಫೈ ಡಬ್ಬಿಗಳು ಒಂದಕ್ಕೊಂದು ಮಾತಾಡಿಕೊಂಡು ಒಂದೇ ನೆಟ್ ಹರಡುವುದು. ಕೇಳಬೇಕಾದ ಪ್ರಶ್ನೆಯೇ. ವೇಗ ಇರುವ 5 ಗಿಗಾಹರ್ಟ್ಸ್ ಅಲೆ ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬ್ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ಅಲೆ ದಾಟುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ನಮ್ಮ ಸೈಟುಗಳಲ್ಲಿ ಒಂದು ಮನೆ ಗೋಡೆಗೂ ಪಕ್ಕದ ಮನೆ ಗೋಡೆಗೂ ಕೈ ತೂರುವಷ್ಟು ಜಾಗ ಇರುವುದಿಲ್ಲ. ಭಾವನ ಟೇಬಲ್ ಹತ್ತಿರ ನಿಂತು ಫೋನಲ್ಲಿ ಎಣಿಸಿದೆ, ಅಕ್ಕಪಕ್ಕದವರದ್ದು 23 ವೈಫೈ ಹೆಸರು ಕಾಣಿಸಿದವು. ಅಷ್ಟು ಜನ ಆ ಮೂರು ದಾರಿಯಲ್ಲಿ ಓಡಾಡಬೇಕು. ಮೆಶ್ ಹಾಕಿದರೂ ಕೆಳಗಿನ ಡಬ್ಬಿ ಮೇಲಿನ ಡಬ್ಬಿಯ ಜೊತೆ ಇದೇ ಗಾಳಿಯಲ್ಲಿ, ಇದೇ ಸ್ಲ್ಯಾಬ್ ದಾಟಿ ಮಾತಾಡಬೇಕು. ಅವೆರಡರ ನಡುವೆ ವೈರ್ ಇದ್ದರೆ ಆ ತಾಪತ್ರಯವೇ ಇಲ್ಲ. "ಭಾವ, ವೈಫೈ ಚೆನ್ನಾಗಿರಲಿ ಅಂತಲೇ ವೈರ್ ಹಾಕ್ತಿರೋದು" ಅಂದೆ. ಒಪ್ಪಿದರು.

ರಂಗೋಲಿ ಪುಡಿಯಲ್ಲಿ ಮಂಚ

ಭಾನುವಾರ ಬೆಳಗ್ಗೆ ಹೋದಾಗ ಮನೆ ಖಾಲಿ. ಸಾಮಾನೆಲ್ಲ ಹಾಲಿನ ಒಂದು ಮೂಲೆಗೆ ಸೇರಿಸಿ ಟಾರ್ಪಾಲ್ ಹೊದಿಸಿದ್ದರು. ಖಾಲಿ ರೂಮಿನಲ್ಲಿ ನಿಂತು ಪಾಯಿಂಟ್ ಎಲ್ಲಿ ಬೇಕು ಅಂತ ಕೇಳಿದರೆ ಎಲ್ಲರೂ ಗೋಡೆಯ ನಡುವೆ ಕೈ ತೋರಿಸುತ್ತಾರೆ. ಆಮೇಲೆ ಅದೇ ಜಾಗಕ್ಕೆ ವಾರ್ಡ್‌ರೋಬ್ ಬರುತ್ತದೆ. ಅದಕ್ಕೆ ನೆಲದ ಮೇಲೆ ಮಂಚ, ಟೇಬಲ್, ಬೀರು ಎಲ್ಲ ಗುರುತು ಮಾಡೋಣ ಅಂದೆ. ಸೀಮೆಸುಣ್ಣ ಸಿಗಲಿಲ್ಲ. ಅಕ್ಕನ ಅತ್ತೆ ಒಳಗಿಂದ ರಂಗೋಲಿ ಡಬ್ಬಿ ತಂದುಕೊಟ್ಟರು. ಟೇಪ್ ಹಿಡಿದು 6 ಅಡಿ ಮಂಚ, 4 ಅಡಿ ಟೇಬಲ್, ಬಾಗಿಲು ತೆರೆಯುವ ಜಾಗ ಎಲ್ಲವನ್ನೂ ರಂಗೋಲಿ ಪುಡಿಯಲ್ಲೇ ಎಳೆದೆವು. ಮಗಳು ತನ್ನ ಟೇಬಲ್ ಚೌಕದ ಮುಂದೆ ನೆಲದ ಮೇಲೆ ಕೂತು ನೋಡಿದಳು. "ಕಿಟಕಿ ಬೆಳಕು ಸೀದಾ ಸ್ಕ್ರೀನ್ ಮೇಲೆ ಬೀಳುತ್ತೆ ಮಾಮ" ಅಂದಳು. ಟೇಬಲ್ ಎದುರು ಗೋಡೆಗೆ ಹೋಯಿತು. ಪಾಯಿಂಟ್ ಕೂಡ ಜೊತೆಗೇ ಹೋಯಿತು. ಪುಡಿಯಲ್ಲಿ ಎಳೆದ ಗೆರೆ ಅಳಿಸಲು ಪೊರಕೆ ಸಾಕು.

ಪಟ್ಟಿ ಹೀಗಾಯಿತು. ಭಾವನ ಟೇಬಲ್‌ಗೆ ಎರಡು, ಹಾಲಿನ ಟೀವಿ ಹಿಂದೆ ಎರಡು, ಮಗಳ ಟೇಬಲ್‌ಗೆ ಒಂದು, ಮಗನಿಗೆ ಒಂದು, ಗೇಟ್ ಕ್ಯಾಮೆರಾಕ್ಕೆ ಒಂದು, ಟೆರೇಸ್ ಕ್ಯಾಮೆರಾಕ್ಕೆ ಒಂದು. ವೈಫೈ ಹೊರಡುವ ಆಕ್ಸೆಸ್ ಪಾಯಿಂಟ್‌ಗೆ ಮೇಲಿನ ಚಾವಣಿಯಲ್ಲಿ ಒಂದು, ಕೆಳಗೆ ಹಾಲಿನ ಚಾವಣಿಯಲ್ಲಿ ಒಂದು. ಒಟ್ಟು ಹತ್ತು.

ರಂಗೋಲಿ ಡಬ್ಬಿ ವಾಪಸ್ ತೆಗೆದುಕೊಳ್ಳುತ್ತಾ ಅಕ್ಕನ ಅತ್ತೆ ಕೇಳಿದರು: "ನನ್ನ ರೂಮಿಗೆ ಏನೂ ಇಲ್ವೇನಪ್ಪಾ?"

ನನಗೆ ನಾಚಿಕೆಯಾಯಿತು. ಅವರಿಗೆ ಟ್ಯಾಬ್‌ನಲ್ಲಿ ಪ್ರವಚನ ಕೇಳುವುದು, ದೂರದೂರಿನಲ್ಲಿರುವ ಚಿಕ್ಕ ಮಗನ ಜೊತೆ ರಾತ್ರಿ ವಿಡಿಯೋದಲ್ಲಿ ಮಾತಾಡುವುದು ಅಭ್ಯಾಸ. ಆ ಮನೆಯಲ್ಲಿ ದಿನದ ಲೆಕ್ಕಕ್ಕೆ ಇಂಟರ್ನೆಟ್ ಜಾಸ್ತಿ ಬಳಸುವವರು ಅವರೇ ಇರಬೇಕು. ರೂಮಿಗೆ ಹೋಗಿ ನೋಡಿದೆ. ಹಾಲಿಗೂ ಆ ರೂಮಿಗೂ ನಡುವೆ ಬಚ್ಚಲುಮನೆ. ಒಂದು ಗೋಡೆಗೆ ಟೈಲ್ಸ್, ಆಳೆತ್ತರದ ಕನ್ನಡಿ. ಇನ್ನೊಂದಕ್ಕೆ ಒರಗಿಕೊಂಡು ಅವರ ಮದುವೆ ಕಾಲದ ಕಬ್ಬಿಣದ ಬೀರು. ಕನ್ನಡಿಯ ಹಿಂದಿನ ಲೋಹದ ಲೇಪ, ಬೀರುವಿನ ತಗಡು ಎರಡೂ ವೈಫೈ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ಅವರು ಮಗನ ಜೊತೆ ಮಾತಾಡಲು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದುದು ಅದಕ್ಕೇ. ಇಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ. ಕೆಳಗಿನ ಆಕ್ಸೆಸ್ ಪಾಯಿಂಟನ್ನು ಹಾಲಿನಿಂದ ತೆಗೆದು ಅವರ ರೂಮಿನ ಬಾಗಿಲ ಎದುರಿನ ಪ್ಯಾಸೇಜಿನ ಚಾವಣಿಗೆ ತಂದೆವು. ಅಲ್ಲಿಂದ ಹಾಲಿಗೂ ಸಿಗುತ್ತದೆ, ಅವರ ಮಂಚಕ್ಕೂ ಸಿಗುತ್ತದೆ. ರೂಮಿನೊಳಗೆ ಮಂಚದ ತಲೆದಿಂಬಿನ ಕಡೆ ಒಂದು ವೈರ್ ಪಾಯಿಂಟ್ ಕೂಡ ಸೇರಿಸಿದೆವು. ಮುಂದೆ ಅಲ್ಲೊಂದು ಟೀವಿ ಬರಬಹುದು. ಪಟ್ಟಿ ಹನ್ನೊಂದಾಯಿತು.

"ಕರೆಂಟ್ ಪೈಪಲ್ಲೇ ಬಿಡ್ತೀನಿ ಸಾರ್"

ಎಲೆಕ್ಟ್ರಿಷಿಯನ್ ಅಣ್ಣ ಅಷ್ಟರಲ್ಲಿ ಗೋಡೆಗಳ ಮೇಲೆ ಪೆನ್ಸಿಲ್ ಗುರುತು ಹಾಕಿ ಮುಗಿಸಿದ್ದರು. ಐವತ್ತು ದಾಟಿದ ಅನುಭವಸ್ಥರು, ಕೆಲಸ ಅಚ್ಚುಕಟ್ಟು. "ನೆಟ್ ವೈರ್ ತಾನೆ, ಕರೆಂಟ್ ಪೈಪಲ್ಲೇ ಜೊತೆಗೆ ಬಿಡ್ತೀನಿ ಸಾರ್. ಎಲ್ಲಾ ಮನೇಲೂ ಹಂಗೇ ಮಾಡೋದು" ಅಂದರು.

ಅದು ಮಾತ್ರ ಬೇಡ ಅಂತ ಕೇಳಿಕೊಂಡೆ. ಮೊದಲ ಕಾರಣ ಜೀವದ್ದು. ನೆಟ್ ಕೇಬಲ್‌ನ ಹೊದಿಕೆ 230 ವೋಲ್ಟ್ ತಡೆಯಲು ಮಾಡಿದ್ದಲ್ಲ. ಪೈಪಿನೊಳಗೆ ಎಳೆದಾಡುವಾಗ ಕರೆಂಟ್ ವೈರಿನ ಮೈ ಎಲ್ಲೋ ತರಚಿದರೆ ಆ ಕರೆಂಟು ಲ್ಯಾಪ್‌ಟಾಪಿನವರೆಗೂ ಬರಬಹುದು. ಎರಡನೇದು, ಫ್ಯಾನು ಮೋಟರುಗಳ ವೈರಿನ ಪಕ್ಕದಲ್ಲೇ ಓಡಿದರೆ ಸಿಗ್ನಲ್‌ಗೆ ಗದ್ದಲ ಸೇರುತ್ತದೆ. ಹಾಗಾಗಿ ಬೇರೆ ಪೈಪು, ಬೇರೆ ಬಾಕ್ಸು. ಅಕ್ಕಪಕ್ಕ ಓಡುವ ಕಡೆ ನಡುವೆ ಒಂದಡಿ ಬಿಟ್ಟೆವು. ಎಲ್ಲಿ ಜಾಗ ಸಾಲಲಿಲ್ಲವೋ ಅಲ್ಲಿ 6 ಇಂಚು. ಒಂದನ್ನೊಂದು ದಾಟಲೇಬೇಕಾದ ಕಡೆ ಕೂಡಿಸುವ ಚಿಹ್ನೆಯ (+) ಹಾಗೆ ನೇರ ಅಡ್ಡ. ಅಣ್ಣ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ "ಒಂದು ಮನೇಲಿ ಟೀವಿ ಡಬ್ಬಿ ಮುಟ್ಟಿದ್ರೆ ಜುಮ್ ಅಂತಿತ್ತು, ಕಾರಣ ಗೊತ್ತಾಗಿರಲಿಲ್ಲ, ಅದೂ ಹಿಂಗೇ ಇರಬೇಕು" ಅಂತ ತಾವೇ ಹೇಳಿ, ಪೆನ್ಸಿಲ್ ಗುರುತು ಅಳಿಸಿ ಹೊಸದಾಗಿ ಹಾಕಿದರು. ಅಲ್ಲಿಂದ ಮುಂದೆ ಈ ಕೆಲಸ ಇಬ್ಬರದ್ದೂ ಆಯಿತು.

ವೈರುಗಳೆಲ್ಲ ಬಂದು ಸೇರುವ ಗೂಡು ಎಲ್ಲಿರಬೇಕು ಅನ್ನುವುದಕ್ಕೆ ಅರ್ಧ ದಿನ ಹೋಯಿತು. ಟೀವಿ ಕೆಳಗಿನ ಕಪಾಟು ಎಲ್ಲರಿಗೂ ಮೊದಲು ಹೊಳೆಯುವ ಜಾಗ. ಆದರೆ ಅದು ಮುಚ್ಚಿದ ಕಪಾಟು, ಬಿಸಿ ಹೋಗಲು ದಾರಿಯಿಲ್ಲ. ಮೆಟ್ಟಿಲ ಕೆಳಗೆ ಜಾಗ ಇತ್ತು, ಅಲ್ಲಿ ಯುಪಿಎಸ್ ಬ್ಯಾಟರಿ ಇದೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆಸಿಡ್ ಆವಿಯೂ ಇರುತ್ತದೆ. ತಾಮ್ರದ ಪಿನ್ನುಗಳು ಅದರ ಪಕ್ಕ ಬೇಡ. ಕೊನೆಗೆ ಮೆಟ್ಟಿಲ ಗೋಡೆಗೆ ಅಂಟಿದ ಪ್ಯಾಸೇಜಿನಲ್ಲಿ 7 ಅಡಿ ಎತ್ತರದಲ್ಲಿ ಜಾಗ ಗೊತ್ತುಮಾಡಿದೆವು. ಎರಡಡಿ ಅಗಲದ ಗೂಡು, ಬಾಗಿಲಿಗೆ ಗಾಳಿಯಾಡುವ ತೂತು. ಒಳಗೆ ಯುಪಿಎಸ್ ಲೈನಿನ ಎರಡು ಸಾಕೆಟ್. ಮಳೆ ಬಂದು ಕರೆಂಟ್ ಹೋದರೂ ಫೈಬರ್ ಡಬ್ಬಿ, ರೂಟರ್, ನೆಟ್ಟನ್ನು ಎಲ್ಲ ಕೇಬಲಿಗೂ ಹಂಚುವ ಸ್ವಿಚ್ ಅನ್ನುವ ಡಬ್ಬಿ, ಮೂರೂ ಓಡುತ್ತಿರಬೇಕು. ಆಕ್ಸೆಸ್ ಪಾಯಿಂಟು, ಕ್ಯಾಮೆರಾಗಳಿಗೆ ಬೇರೆ ಪ್ಲಗ್ ಬೇಡ. ಪಿಒಇ (ಪವರ್ ಓವರ್ ಈಥರ್ನೆಟ್) ಸ್ವಿಚ್ ಇದ್ದರೆ ನೆಟ್ ಕೇಬಲಿನಲ್ಲೇ ಕರೆಂಟು ಹೋಗುತ್ತದೆ. ಹಳೇ ಪಿಒಇ ಪದ್ಧತಿಯಲ್ಲಿ ಸ್ವಿಚ್ ಒಂದು ಪೋರ್ಟಿಗೆ 15.4 ವಾಟ್ ಕೊಡುತ್ತದೆ, ಆಮೇಲೆ ಬಂದ ಪಿಒಇ ಪ್ಲಸ್‌ನಲ್ಲಿ 30 ವಾಟ್. ನಾವು ಎರಡನೇದನ್ನೇ ತೆಗೆದುಕೊಂಡೆವು.

ಮೇಲಿನ ಮಹಡಿಗೆ ಹೋಗುವುದು ಹೇಗೆ? ಸ್ಲ್ಯಾಬ್ ಕೊರೆಯುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಒಳಗಿನ ಕಬ್ಬಿಣ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಕಟ್ಟಿಸಿದವರೂ ಈಗಿಲ್ಲ. ಮೆಟ್ಟಿಲ ಪಕ್ಕದ 9 ಇಂಚಿನ ಗೋಡೆ ನೆಲದಿಂದ ಟೆರೇಸಿನ ಮೆಟ್ಟಿಲ ರೂಮಿನವರೆಗೂ ಒಂದೇ ಸಮ ಹೋಗುತ್ತದೆ. ಅದರಲ್ಲೇ ನಾಲ್ಕು ಪೈಪು ನೆಟ್ಟಗೆ ಮೇಲಕ್ಕೆ.

ಪೈಪಿನ ವಿಚಾರ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಮನೆಗಳಲ್ಲಿ ಕೆಡುವುದು ಇಲ್ಲೇ. ಹೆಚ್ಚಿನವರು ಕೇಬಲ್ ಯಾವ ಕಂಪನಿದು, ಯಾವ ಕ್ಯಾಟ್ (ಕೇಬಲಿನ ದರ್ಜೆ) ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಕೇಬಲ್ ಹತ್ತು ಹದಿನೈದು ವರ್ಷಕ್ಕೆ ಹಳತಾಗುತ್ತದೆ, ಅಥವಾ ಇನ್ನೊಂದು ಬಗೆಯದ್ದು ಬೇಕಾಗುತ್ತದೆ. ಆಗ ಹಳೇದನ್ನು ಎಳೆದು ಹೊಸದನ್ನು ತೂರಿಸಲು ಆಗಬೇಕು. ಗೋಡೆಯೊಳಗೆ ಉಳಿಯುವ ಆಸ್ತಿ ಅಂದರೆ ಸರಾಗವಾದ ಒಂದು ದಾರಿ. ನಾನು ಖರ್ಚು ಮಾಡಿಸಿದ್ದು, ಹಟ ಹಿಡಿದದ್ದು ಎಲ್ಲ ಅದಕ್ಕೇ.

ಕರೆಂಟಿನವರು ಬಳಸುವ ಸಣ್ಣ ಪೈಪಿನ ಬದಲು ಎಲ್ಲ ಕಡೆ 25 ಮಿ.ಮೀ. ಪೈಪು, ಐಎಸ್‌ಐ ಗುರುತಿನದ್ದು. ಕ್ಯಾಟ್ 6 ಕೇಬಲಿನ ದಪ್ಪ ಸುಮಾರು 6 ಮಿ.ಮೀ. ಪೈಪಿನ ಒಳಜಾಗದಲ್ಲಿ ನೂರಕ್ಕೆ 40 ಭಾಗಕ್ಕಿಂತ ಜಾಸ್ತಿ ತುಂಬಬಾರದು ಅನ್ನುವುದು ಈ ಕೆಲಸದವರ ಲೆಕ್ಕ. ಆ ಲೆಕ್ಕದಲ್ಲಿ 25 ಮಿ.ಮೀ. ಪೈಪಿನಲ್ಲಿ ನಾಲ್ಕೈದು ಕೇಬಲ್ ಹಿಡಿಯುತ್ತವೆ. ನಾವು ಎರಡರ ಮೇಲೆ ಹಾಕಲಿಲ್ಲ. ತಿರುವುಗಳಲ್ಲಿ ಅಂಗಡಿಯ ಗಿಡ್ಡ ಎಲ್ಬೋ ಬೇಡವೇ ಬೇಡ. ಕೇಬಲ್ ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಾಗಬಾರದು, ಅಂದರೆ ತಿರುವಿನ ತ್ರಿಜ್ಯ ಕಡೇಪಕ್ಷ ಒಂದು ಇಂಚು ಇರಬೇಕು. ಎಲ್ಬೋ ಒಳಗೆ ಅಷ್ಟು ಜಾಗ ಸಿಗುವುದಿಲ್ಲ, ಎಳೆಯುವಾಗ ಕೇಬಲಿನ ತಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಲ್ಲ ಕಡೆ ನಿಧಾನಕ್ಕೆ ಬಾಗುವ ಲಾಂಗ್ ಬೆಂಡ್. ಎರಡು ಬಾಕ್ಸುಗಳ ನಡುವೆ ಎರಡು ಬೆಂಡಿಗಿಂತ ಜಾಸ್ತಿ ಇಲ್ಲ. ಮೂರನೇದು ಬಂದರೆ ನಡುವೆ ಒಂದು ಎಳೆಯುವ ಬಾಕ್ಸ್.

ಇನ್ನು ಗೋಡೆ. ಗೋಡೆಯಲ್ಲಿ ನೆಟ್ಟಗೆ ಕೊರೆಯುವುದಾದರೆ ದಪ್ಪದ ಮೂರನೇ ಒಂದು ಭಾಗದವರೆಗೆ, ಅಡ್ಡಕ್ಕೆ ಕೊರೆಯುವುದಾದರೆ ಆರನೇ ಒಂದು ಭಾಗದವರೆಗೆ ಮಾತ್ರ. ಇಂಜಿನಿಯರುಗಳು ಇಟ್ಟುಕೊಂಡಿರುವ ನಿಯಮ ಇದು. ನಾಲ್ಕೂವರೆ ಇಂಚಿನ ಗೋಡೆ ಅಂದರೆ 115 ಮಿ.ಮೀ. ಮೂರನೇ ಒಂದು ಭಾಗ 38, ಆರನೇ ಒಂದು 19. ಅಲ್ಲಿಗೆ 25 ಮಿ.ಮೀ. ಪೈಪು ಒಳಗಿನ ಗೋಡೆಯಲ್ಲಿ ಮೇಲೆ ಕೆಳಗೆ ಹೋಗಬಹುದು, ಅಡ್ಡಡ್ಡ ಹೋಗುವ ಹಾಗಿಲ್ಲ. ಮಗಳ ರೂಮಿಗೆ ಅಡ್ಡ ಕೊರೆದರೆ 9 ಅಡಿಯಲ್ಲಿ ಮುಗಿಯುತ್ತಿತ್ತು. ಅದನ್ನು ಬಿಟ್ಟು ಫಾಲ್ಸ್ ಸೀಲಿಂಗ್ ಮೇಲೆ ಸುತ್ತಿಸಿ, ಟೇಬಲಿನ ನೇರಕ್ಕೆ ಬಂದು, ಅಲ್ಲಿಂದ ಕೆಳಗೆ ಇಳಿಸಿದೆವು. 14 ಅಡಿ ಜಾಸ್ತಿ ಆಯಿತು. ಪೈಪಿನ ದುಡ್ಡಿಗಿಂತ ಗೋಡೆ ದೊಡ್ಡದು. ಬೀಮು, ಪಿಲ್ಲರ್ ಯಾವುದನ್ನೂ ಮುಟ್ಟಲಿಲ್ಲ.

ಟೆರೇಸಿನಿಂದ ಗೂಡಿಗೆ ಎರಡು ಪೈಪು ಫೈಬರಿಗೆಂದೇ ಇಳಿಸಿದೆವು. ಒಂದು ಈಗಿನ ಕನೆಕ್ಷನ್‌ಗೆ. ಇನ್ನೊಂದು ಖಾಲಿ. ಫೈಬರ್ ತಂತಿ ಕಂಪನಿಯದ್ದು. ಕಂಪನಿ ಬದಲಾದರೆ ಹೊಸ ತಂತಿಯೇ ಬರಬೇಕು. ಖಾಲಿ ಪೈಪು ಇಲ್ಲದಿದ್ದರೆ ಅದು ಮತ್ತೆ ಕಿಟಕಿ ಸಂದಿಗೇ ಬರುತ್ತದೆ. ಮೇಲೆ ಪೈಪಿನ ಬಾಯಿಯನ್ನು ಕೊಕ್ಕರೆ ಕತ್ತಿನ ಹಾಗೆ ಬಗ್ಗಿಸಿ ಕೆಳಮುಖ ಮಾಡಿದೆವು, ಮಳೆನೀರು ಇಳಿಯದ ಹಾಗೆ. ತಂತಿ ಒಳಗೆ ಹೋಗುವ ಮೊದಲು ಸ್ವಲ್ಪ ಜೋತುಬೀಳಬೇಕು, ಆಗ ಅದರ ಮೇಲೆ ಹರಿದ ನೀರು ಕೆಳಗೆ ತೊಟ್ಟಿಕ್ಕುತ್ತದೆ. ಕಂಬದಿಂದ ಬರುವ ತಂತಿಯ ಜೊತೆ ತೂಕ ಹೊರಲು ಒಂದು ಉಕ್ಕಿನ ಎಳೆ ಇರುತ್ತದೆ. ಅದನ್ನು ಪ್ಯಾರಪೆಟ್ ಹತ್ತಿರದ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ, ಬರೀ ಫೈಬರನ್ನು ಒಳಗೆ ಬಿಡಬೇಕು. ಸಿಡಿಲಿನ ಊರಿನಲ್ಲಿ ಲೋಹದ ಎಳೆ ಮನೆಯೊಳಗೆ ಬರುವುದು ಒಳ್ಳೇದಲ್ಲ.

ಎಸ್.ಪಿ. ರೋಡಿನಲ್ಲಿ ಒಂದು ಬ್ಲೇಡು

ಕೇಬಲ್ ತರಲು ಭಾವನ ಜೊತೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ 305 ಮೀಟರಿನ ಎರಡು ಡಬ್ಬ ಮುಂದಿಟ್ಟರು. ಎರಡರ ಮೇಲೂ ಕ್ಯಾಟ್ 6 ಅಂತಲೇ ಇತ್ತು. ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಭಾವ ಕಡಿಮೆ ಬೆಲೆಯದ್ದನ್ನು ಎತ್ತಿ ನೋಡಿದರು. "ಇದು ಹಗುರ ಇದೆಯಲ್ಲ?" ಅಂದರು. ಅದೇ ಗುಟ್ಟು. ತುದಿಯಿಂದ ಒಂದು ಎಳೆ ಬಿಡಿಸಿ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದೆ. ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ. ತಾಮ್ರದ ಲೇಪ ಅಷ್ಟೇ. ಇದಕ್ಕೆ ಸಿಸಿಎ ಅನ್ನುತ್ತಾರೆ. ಕ್ಯಾಟ್ 6ರ ನಿಯಮದಲ್ಲಿ ಇದಕ್ಕೆ ಜಾಗವೇ ಇಲ್ಲ. ನಾಲ್ಕು ಸಲ ಬಗ್ಗಿಸಿದರೆ ಎಳೆ ಮುರಿಯುತ್ತದೆ. ಪಿಒಇ ಕರೆಂಟ್ ಬಿಟ್ಟರೆ ತಾಮ್ರಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ. ಇಂಥದ್ದನ್ನು ಗೋಡೆಯೊಳಗೆ ಹೂಳಬಾರದು. ಇನ್ನೊಂದು ಡಬ್ಬದ ಎಳೆ ಎಷ್ಟು ಕೆರೆದರೂ ತಾಮ್ರವೇ. ಅದನ್ನೇ ತಂದೆವು.

ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್ 6ಎ ಬೇಡವಾ ಅಂತ ಭಾವ ಕೇಳಿದರು. ಕ್ಯಾಟ್ 6 ನೂರು ಮೀಟರ್ ದೂರಕ್ಕೆ 1 ಗಿಗಾಬಿಟ್ ಒಯ್ಯುತ್ತದೆ, 10 ಗಿಗಾಬಿಟ್ ಆದರೆ ಹೆಚ್ಚೆಂದರೆ 55 ಮೀಟರ್. ಆ ಮನೆಯ ಅತಿ ಉದ್ದದ ಓಟ ಗೂಡಿನಿಂದ ಗೇಟಿಗೆ, 22 ಮೀಟರ್. 6ಎ ದಪ್ಪ, ಬಿರುಸು, ಬೆಂಡಿನಲ್ಲಿ ಹಟ ಮಾಡುತ್ತದೆ. ಇಂಥ ಮನೆಗೆ ಅದು ಬೇಕಾಗಿಲ್ಲ.

ಗೋಡೆಯಲ್ಲಿ ಪೈಪು ಕೂತ ಮೇಲೆ, ಮೇಸ್ತ್ರಿ ಗಾರೆ ಕಲಸುವ ಮೊದಲು, ಒಂದು ಸಂಜೆ ಬರೀ ಫೋಟೋ ತೆಗೆಯಲು ಇಟ್ಟುಕೊಂಡೆವು. ಮಗ ಟೇಪ್ ಹಿಡಿದ, ನಾನು ಫೋಟೋ ತೆಗೆದೆ. ಪ್ರತಿ ಗೋಡೆಗೂ ಎರಡು ಅಳತೆ: ನೆಲದಿಂದ ಎಷ್ಟು ಎತ್ತರ, ಪಕ್ಕದ ಮೂಲೆಯಿಂದ ಎಷ್ಟು ದೂರ. ಟೇಪಿನ ಅಂಕಿ ಓದುವಷ್ಟು ಹತ್ತಿರದಿಂದ ಒಂದು ಫೋಟೋ, ಗೋಡೆ ಪೂರ್ತಿ ಕಾಣುವ ಹಾಗೆ ಒಂದು. 64 ಫೋಟೋ ಆದವು. ಒಂದೂವರೆ ಗಂಟೆ ಹಿಡಿಯಿತು. ಮಗನಿಗೆ ಬೇಜಾರಾಗಿ "ಇದೆಲ್ಲ ಯಾರು ನೋಡ್ತಾರೆ ಮಾಮ" ಅಂದ. ಮೂರನೇ ವಾರಕ್ಕೇ ನೋಡಬೇಕಾಗಿ ಬಂತು.

ಸಿಕ್ಕಿಕೊಂಡ ಪೈಪು

ಗಾರೆ ಆಗಿ, ಒಣಗಿ, ಪುಟ್ಟಿಯ ಮೊದಲ ಕೈ ಬಿದ್ದ ಮೇಲೆ ಕೇಬಲ್ ಎಳೆಯಲು ಶುರು ಮಾಡಿದೆವು. ಪೈಪು ಹಾಕುವಾಗಲೇ ಎಲ್ಲದರಲ್ಲೂ ನೈಲಾನ್ ದಾರ ಬಿಟ್ಟಿದ್ದೆವು. ದಾರದ ತುದಿಗೆ ಕೇಬಲ್ ಕಟ್ಟಿ, ಮೇಲೆ ಟೇಪ್ ಸುತ್ತಿ, ಒಬ್ಬರು ಮೆಲ್ಲಗೆ ಎಳೆಯುವುದು, ಇನ್ನೊಬ್ಬರು ಆ ಕಡೆಯಿಂದ ತಿನ್ನಿಸುವುದು. ಜೋರಾಗಿ ಜಗ್ಗಬಾರದು. ಕೇಬಲ್ ತಡೆಯುವ ಎಳೆತ ಸುಮಾರು 11 ಕಿಲೋ ಭಾರದಷ್ಟು. ಅದು ಮೀರಿದರೆ ಒಳಗಿನ ಜೋಡಿಗಳ ಹುರಿ ಸಡಿಲವಾಗುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ.

ಹತ್ತು ಪೈಪು ಬೆಣ್ಣೆಯಂತೆ ಹೋದವು. ಮಗಳ ರೂಮಿನದ್ದು ಮಾತ್ರ ನಿಂತುಬಿಟ್ಟಿತು. ದಾರ ಅಲ್ಲಾಡಲಿಲ್ಲ. ಎಲೆಕ್ಟ್ರಿಷಿಯನ್ ಅಣ್ಣ ಪೈಪಿನಲ್ಲಿ ವೈರ್ ಎಳೆಯುವ ಉದ್ದನೆಯ ಸ್ಪ್ರಿಂಗ್ ತಂದು ಕೆಳಗಿನ ಬಾಕ್ಸಿನಿಂದ ತೂರಿಸಿದರು. 4 ಅಡಿ 2 ಇಂಚಿಗೆ ಟಕ್ ಅಂತ ಗಟ್ಟಿ ಸದ್ದು. ಎರಡು ಮೂರು ಸಲ ತಿರುವಿ ನೋಡಿದರು. ಸ್ಪ್ರಿಂಗಿನ ತುದಿ ಹೊರಗೆ ತೆಗೆದಾಗ ಬೂದಿ ಬಣ್ಣದ ಪುಡಿ ಅಂಟಿತ್ತು. ಬೆರಳಲ್ಲಿ ಉಜ್ಜಿ ನೋಡಿ, "ಸಿಮೆಂಟ್ ಸಾರ್" ಅಂದರು.

ಫೋಟೋ ತೆಗೆದು ನೋಡಿದೆವು. ನೆಲದಿಂದ ಬಾಕ್ಸು 1 ಅಡಿ, ಅಲ್ಲಿಂದ 4 ಅಡಿ 2 ಇಂಚು ಮೇಲೆ ಎರಡು ಪೈಪು ಸೇರುವ ಕಾಲರ್ ಇತ್ತು. ಫೋಟೋವನ್ನು ದೊಡ್ಡದು ಮಾಡಿದರೆ ಕಾಲರ್ ಪೂರ್ತಿ ಕೂತಿಲ್ಲ, ಒಂದು ಬೆರಳಿನಷ್ಟು ಸಂದಿ ಕಾಣುತ್ತದೆ. ಸಲ್ಯೂಶನ್ ಹಚ್ಚಿ ಒತ್ತಿದ್ದು ಆಮೇಲೆ ಜಾರಿರಬೇಕು. ಗಾರೆಯ ನೀರು ಆ ಸಂದಿಯಲ್ಲಿ ಇಳಿದು ಒಳಗೆ ಗಟ್ಟಿಯಾಗಿದೆ. ಫೋಟೋ ತೆಗೆದವನು ನಾನೇ, ಆದರೂ ಆ ದಿನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಯಾವ ಮನೆಗೆ ಹೋದರೂ ಫೋಟೋ ತೆಗೆಯುವ ಮೊದಲು ಪ್ರತಿ ಕಾಲರನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಗಾರೆ ಒಳಗೆ ಹೋಗದ ಹಾಗೆ ಪೈಪಿನ ಬಾಯಿಗಳಿಗೆ ಕಾಗದ ತುರುಕುವ ಕೆಲಸವನ್ನೂ ಯಾರಿಗೂ ಬಿಡುವುದಿಲ್ಲ.

ಗೋಡೆಯ ಮೇಲೆ ಅಳತೆ ಹಿಡಿದು, ಪೆನ್ಸಿಲಲ್ಲಿ ಅಂಗೈಯಗಲ ಚೌಕ ಎಳೆದು, ಅಷ್ಟನ್ನೇ ಕತ್ತರಿಸಿದೆವು. ಕಾಲರ್ ಚೌಕದ ಸರಿಯಾಗಿ ನಡುವೆ ಸಿಕ್ಕಿತು. ಆ ತುಂಡು ತೆಗೆದು ಹೊಸ ಕಾಲರ್ ಹಾಕಿ, ಮೇಲೆ ಜಾಲರಿ ಹೊಡೆದು ಮೇಸ್ತ್ರಿ ಗಾರೆ ತೇಪೆ ಹಾಕಿದರು. ಎರಡು ಗಂಟೆಯ ಕೆಲಸ. ಫೋಟೋ ಇಲ್ಲದಿದ್ದರೆ ಆ ಗೋಡೆಯನ್ನು ಉದ್ದಕ್ಕೂ ಬಗೆಯಬೇಕಿತ್ತು. ಮಗ ಏನೂ ಮಾತಾಡಲಿಲ್ಲ, ಎಲ್ಲ ಫೋಟೋಗಳನ್ನೂ ರೂಮಿನ ಹೆಸರು ಹಾಕಿ ಬೇರೆ ಬೇರೆ ಫೋಲ್ಡರಿಗೆ ಹಾಕಿಕೊಟ್ಟ.

ಎರಡನೇ ತೊಂದರೆ ಎಲ್ಲ ಮುಗಿದ ಮೇಲೆ ಬಂತು. ಭಾವನ ಟೇಬಲಿನ ಒಂದು ಪಾಯಿಂಟಿನಲ್ಲಿ 94 ಎಂಬಿಪಿಎಸ್ ಮಾತ್ರ ಬರುತ್ತಿತ್ತು. ಪಕ್ಕದ ಪಾಯಿಂಟಿನಲ್ಲಿ ಪೂರ್ತಿ 300. ಯಾವ ಸಲ ನೋಡಿದರೂ 94. ಈ ಅಂಕಿ ಕಂಡರೆ ನಮ್ಮ ಕೆಲಸದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಕೇಬಲಿನಲ್ಲಿ ನಾಲ್ಕು ಜೋಡಿ ಎಳೆ ಇವೆ. 1 ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಕೈಕೊಟ್ಟರೆ ಎರಡು ಕಡೆಯ ಡಬ್ಬಿಗಳು ಎರಡೇ ಜೋಡಿ ಸಾಕಾಗುವ 100 ಎಂಬಿಪಿಎಸ್‌ಗೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ. ಅದರಲ್ಲಿ ಕೈಗೆ ಸಿಗುವುದು 94ರ ಆಸುಪಾಸು. ನೆಟ್ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹೀಗೇ ಇರುತ್ತದೆ.

ಪ್ಲೇಟ್ ಬಿಚ್ಚಿ ನೋಡಿದೆ. ಕಂದು ಎಳೆ ಜ್ಯಾಕಿನ ಬುಡದಲ್ಲಿ ತುಂಡಾಗಿತ್ತು. ನಾನು ಎಳೆಗಳನ್ನು ಜ್ಯಾಕಿಗೆ ಒತ್ತಿ ಕೂರಿಸಿದಾಗ, ಅಂದರೆ ಪಂಚ್ ಮಾಡಿದಾಗ, ಟೆಸ್ಟರಿನಲ್ಲಿ ಎಂಟೂ ದೀಪ ಹತ್ತಿದ್ದವು. ಆಮೇಲೆ ಪ್ಲೇಟ್ ಕೂರಿಸುವಾಗ ಹಿಂದೆ ಜಾಗ ಸಾಲದೆ ಕೇಬಲ್ ಮಡಚಿಕೊಂಡು ಮುರಿದಿದೆ. ಆ ಒಂದು ಕಡೆ ಮಾತ್ರ ಮಾಮೂಲಿ ಬಾಕ್ಸು ಹಾಕಿದ್ದೆವು, ಉಳಿದ ಕಡೆ ಆಳದ್ದು. ಬಾಕ್ಸು ಬದಲಾಯಿಸಿ, ತುದಿ ಕತ್ತರಿಸಿ ಹೊಸದಾಗಿ ಪಂಚ್ ಮಾಡಿದೆ. ಜೋಡಿಗಳ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಎರಡೂ ತುದಿಗೆ ಬಣ್ಣಗಳ ಅದೇ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲೇಟ್ ಕೂರಿಸಿದ ಮೇಲೆ ಮತ್ತೊಮ್ಮೆ ಟೆಸ್ಟ್. ತುದಿಯಲ್ಲಿ ಅಂಗೈಯಷ್ಟು ಕೇಬಲ್ ಜಾಸ್ತಿ ಉಳಿಸಿದ್ದರಿಂದ ಇದು ಹತ್ತು ನಿಮಿಷದ ಕೆಲಸವಾಯಿತು.

ಈಗ ಹೇಗಿದೆ

ಮೇಲೆ ಕೆಳಗೆ ಎಲ್ಲಿ ನಿಂತರೂ ಫೋನಿಗೆ 250ಕ್ಕಿಂತ ಕಡಿಮೆ ಬರುವುದಿಲ್ಲ. ಭಾವ ಲ್ಯಾಪ್‌ಟಾಪಿಗೆ ವೈರೇ ಸಿಕ್ಕಿಸಿಕೊಳ್ಳುತ್ತಾರೆ. ಮೀಟಿಂಗ್ ನಡುವೆ ಮೆಟ್ಟಿಲಿಳಿದು ಬಂದು ರೂಟರ್ ಆಫ್ ಮಾಡಿ ಆನ್ ಮಾಡುವುದು ನಿಂತಿದೆ. ಒಟ್ಟು ಖರ್ಚು ಸುಮಾರು 46,000 ರೂಪಾಯಿ ಬಂತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಒಇ ಸ್ವಿಚ್ಚು, ಎರಡು ಆಕ್ಸೆಸ್ ಪಾಯಿಂಟಿಗೇ ಹೋಯಿತು. ಅವನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ದುಡ್ಡು ಕಡಿಮೆ ಇದ್ದರೆ ಈಗ ಪೈಪು, ಬಾಕ್ಸು, ದಾರ ಇಷ್ಟೇ ಹಾಕಿಸಿ. ಪೈಪಿಗೆ 2,500 ರೂಪಾಯಿ ಕೂಡ ಆಗಲಿಲ್ಲ.

ಒಂದು ಜಾಗ ಬಿಟ್ಟುಹೋಯಿತು. ಸಂಪ್ ಮೋಟರ್ ಇರುವ ಮೂಲೆಗೆ ಪೈಪು ಹಾಕಬೇಕಿತ್ತು. ನೀರಿನ ಮಟ್ಟ ನೋಡುವ ಸೆನ್ಸರ್ ಹಾಕೋಣ ಅಂತ ಅಕ್ಕ ಈಗ ಕೇಳುತ್ತಿದ್ದಾಳೆ. ಅಲ್ಲಿ ಹೊಸ ಟೈಲ್ಸ್ ಕೂತಿದೆ.

ಅಕ್ಕನ ಅತ್ತೆ ಬಾಗಿಲ ಬಳಿಯ ಕುರ್ಚಿ ತೆಗೆಸಿದ್ದಾರೆ. ರಾತ್ರಿ ಮಂಚದ ಮೇಲೆ ಕಾಲು ಚಾಚಿಕೊಂಡೇ ಮಗನ ಜೊತೆ ಮಾತಾಡುತ್ತಾರೆ.

ಹೋದ ತಿಂಗಳು ಭಾವ ಇಂಟರ್ನೆಟ್ ಕಂಪನಿ ಬದಲಾಯಿಸಿದರು. ಹೊಸ ಕಂಪನಿಯ ಹುಡುಗರು ಬಂದವರೇ ಹಾಲಿನ ಕಿಟಕಿ ನೋಡಿದರು. ಅಕ್ಕ ಅವರನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಖಾಲಿ ಪೈಪಿನ ಬಾಯಿ ತೋರಿಸಿದಳು. ಫೈಬರನ್ನು ದಾರಕ್ಕೆ ಕಟ್ಟಿ ಕೆಳಗಿನಿಂದ ಎಳೆದರು, ಗೂಡಿನಲ್ಲಿ ಜೋಡಿಸಿದರು. ಎಳೆಯಲು ಐದು ನಿಮಿಷವೂ ಆಗಲಿಲ್ಲವಂತೆ. ಫೈಬರ್ ಕಟ್ಟುವಾಗಲೇ ಅದರ ಜೊತೆ ಹೊಸ ದಾರವೊಂದನ್ನೂ ಕಟ್ಟಿ ಅಂತ ಅಕ್ಕನಿಗೆ ಫೋನಲ್ಲಿ ಹೇಳಿದ್ದೆ. ಕಟ್ಟಿಸಿದ್ದಾಳೆ. ದಾರದ ಒಂದು ತುದಿ ಗೂಡಿನಲ್ಲಿದೆ, ಇನ್ನೊಂದು ತುದಿ ಟೆರೇಸಿನ ಕೊಕ್ಕೆಗೆ ಸುತ್ತಿದೆ.